ದಿನಾ ತಲೆನೋವು, ದಿನಾ ಮಾತ್ರೆ
ನಿಮ್ಮ ದಿನನಿತ್ಯದ ತಲೆನೋವಿಗೆ ನೋವಿನ ಮಾತ್ರೆ ಅತಿಯಾದದ್ದೇ ಕಾರಣ ಇರಬೇಕು. ಹಳೇ ಮೈಗ್ರೇನ್, ಈಗ ನಾಲ್ಕು ತಿಂಗಳಿಂದ ದಿನಾ ಬೆಳಗ್ಗೆ ನೋವು, ಎದ್ದ ಕೂಡಲೇ ಮಾತ್ರೆ ಅಂತ ಬರೆದಿದ್ದೀರಲ್ಲ, ನನಗೂ ಹೀಗೇ ಆಗಿತ್ತು. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ತಗೊಂಡರೆ ನೋವು ಹೀಗೆ ದಿನನಿತ್ಯದ್ದಾಗಬಹುದು. ಟ್ರಿಪ್ಟಾನ್ (ಮೈಗ್ರೇನ್ ನೋವಿಗೆಂದೇ ಕೊಡುವ ಔಷಧ) ಅಥವಾ ಕೆಫೀನ್ ಬೆರೆತ ನೋವಿನ ಮಾತ್ರೆಗಾದರೆ ತಿಂಗಳಿಗೆ 10 ದಿನವೇ ಸಾಕು. ಎಷ್ಟು ಮಾತ್ರೆ ಅನ್ನೋದಕ್ಕಿಂತ ಎಷ್ಟು ದಿನ ಅನ್ನೋದು ಮುಖ್ಯ.

ಇವತ್ತಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ನೋವು ಬಂದ ದಿನಕ್ಕೆ ಸುತ್ತು, ಮಾತ್ರೆ ತಗೊಂಡ ದಿನ ಅದರ ಹೆಸರು. ಅದನ್ನು ಹಿಡಿದು ನರರೋಗ ತಜ್ಞರ ಹತ್ತಿರ ಹೋಗಿ, ನೋವಿನ ಮಾತ್ರೆ ಬಿಡುವ ಜೊತೆಗೇ ಮೈಗ್ರೇನ್ ತಡೆಯುವ ಔಷಧ ಶುರು ಮಾಡಬಹುದಾ ಕೇಳಿ. ಸಾಮಾನ್ಯ ನೋವಿನ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಹುದು. ಟ್ರಮಡಾಲ್, ಕೊಡೀನ್‌ನಂಥ ಅಫೀಮು ಬಗೆಯ ನೋವಿನ ಔಷಧ ಇದ್ದರೆ ನೀವಾಗಿ ನಿಲ್ಲಿಸಲೇಬೇಡಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಬಿಟ್ಟ ಮೊದಲ ವಾರ, ಹತ್ತು ದಿನ ನಿಜಕ್ಕೂ ಕಷ್ಟ. ನೋವು ಜಾಸ್ತಿಯಾಗುತ್ತೆ, ವಾಕರಿಕೆ ಬರುತ್ತೆ, ನಿದ್ದೆ ಕೆಡುತ್ತೆ. ಅಲ್ಲೇ ಎಷ್ಟೋ ಜನ ಮತ್ತೆ ಮಾತ್ರೆಗೆ ಕೈ ಹಾಕೋದು, ದಯವಿಟ್ಟು ತಡೆದುಕೊಳ್ಳಿ.

ಪರೀಕ್ಷೆ ಮಾಡದೆ ಇದೇ ಅಂತ ಖಚಿತವಾಗಿ ಹೇಳೋಕಾಗಲ್ಲ. ಸಿಡಿಲು ಬಡಿದಂತೆ ಹಠಾತ್ ನೋವು, ಜ್ವರದ ಜೊತೆ ಕತ್ತು ಬಿಗಿತ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಇವುಗಳಲ್ಲಿ ಒಂದಿದ್ದರೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.