ತಂದೆಯ ಮೈಟೊಕಾಂಡ್ರಿಯಾ ಏನಾಗುತ್ತದೆ?

ಪ್ರಶ್ನೆ: ನನ್ನ ಸೋದರಮಾವನವರಿಗೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಲೇಬರ್ ಕಾಯಿಲೆಯಿಂದ ಎರಡೂ ಕಣ್ಣುಗಳ ದೃಷ್ಟಿ ಕುಂದಿತು. ಇದು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ದೋಷವೆಂದು ವೈದ್ಯರು ಹೇಳಿದ್ದಾರೆ. ವೀರ್ಯಾಣುವಿನಲ್ಲಿಯೂ ಮೈಟೊಕಾಂಡ್ರಿಯಾ ಇರುವಾಗ ತಂದೆಯದು ಏಕೆ ಬರುವುದಿಲ್ಲ? ಮಾವನವರ ಮಕ್ಕಳಿಗೆ ಅಪಾಯವಿದೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಮೈಟೊಕಾಂಡ್ರಿಯಾಗಳೆಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ, ಕೋಶಕೇಂದ್ರದ್ದಲ್ಲದೆ ತಮ್ಮದೇ ಡಿಎನ್‌ಎ ಇರುವ ಪುಟ್ಟ ಭಾಗಗಳು. ವೀರ್ಯಾಣುವಿನ ತಲೆ ಮಾತ್ರ ಅಂಡಾಣುವನ್ನು ಹೊಗುತ್ತದೆ, ಉಳಿದದ್ದು ಹೊರಗೇ ಕಳಚಿ ಬೀಳುತ್ತದೆ ಎಂಬ ವಿವರಣೆಯನ್ನು ನೀವು ಓದಿರಬಹುದು. ಮನುಷ್ಯರ ಮಟ್ಟಿಗೆ ಅದು ತಪ್ಪು. ತಲೆಗೂ ಬಾಲಕ್ಕೂ ನಡುವಿನ ಭಾಗದಲ್ಲಿ ಕದಿರಿಗೆ ನೂಲು ಸುತ್ತಿದಂತೆ ಸುರುಳಿಯಾಗಿರುವ ಐವತ್ತರಿಂದ ಎಪ್ಪತ್ತೈದು ಮೈಟೊಕಾಂಡ್ರಿಯಾಗಳು ಈಜಲು ಬೇಕಾದ ಶಕ್ತಿಯನ್ನು ಒದಗಿಸುತ್ತವೆ; ಅವೂ ಅಂಡಾಣುವಿನೊಳಗೆ ಹೋಗುತ್ತವೆ, ಆದರೆ ಅಲ್ಲಿ ಉಳಿಯುವುದಿಲ್ಲ.

ಹಸು ಮತ್ತು ಕೋತಿಗಳ ಮೇಲೆ ನಡೆದ ಅಧ್ಯಯನವೊಂದು, ಈ ಮೈಟೊಕಾಂಡ್ರಿಯಾಗಳ ಮೇಲೆ ಯುಬಿಕ್ವಿಟಿನ್ ಎಂಬ ಪ್ರೋಟೀನಿನ ಗುರುತು ಬಿದ್ದಿರುತ್ತದೆಂದು 1999ರಲ್ಲಿ ತೋರಿಸಿತು. ಜೀವಕೋಶವು ತನಗೆ ಬೇಡವಾದದ್ದನ್ನು ಒಡೆದುಹಾಕುವ ಮೊದಲು ಅಂಟಿಸುವ ಗುರುತು ಅದು. ಮನುಷ್ಯನ ಬಲಿತ ವೀರ್ಯಾಣುವಿನ ಮೈಟೊಕಾಂಡ್ರಿಯಾಗಳಲ್ಲಿ ಇಡಿಯಾದ ಡಿಎನ್‌ಎಯೇ ಇಲ್ಲವೆಂದು 2023ರ ಸಂಶೋಧನೆಯೊಂದು ಹೇಳಿತು. ಅಂಡಾಣುವಿನಲ್ಲಾದರೋ ಅದರ ಲಕ್ಷಕ್ಕೂ ಹೆಚ್ಚು ಪ್ರತಿಗಳಿರುತ್ತವೆ. ಎರಡು ಬಗೆಯ ಡಿಎನ್‌ಎ ಬೆರೆಯದಿರುವುದೇ ಕ್ಷೇಮವೆಂದು ತೋರುತ್ತದೆ: ಪ್ರತ್ಯೇಕವಾಗಿದ್ದಾಗ ನಿರಪಾಯವಾದ ಎರಡು ಬಗೆಗಳನ್ನು 2012ರಲ್ಲಿ ಇಲಿಗಳಲ್ಲಿ ಬೆರೆಸಿದಾಗ ಅವುಗಳ ಕಲಿಕೆಯ ಶಕ್ತಿಯೇ ಕುಂದಿತು.

ತಂದೆಯ ಮೈಟೊಕಾಂಡ್ರಿಯಾ ಡಿಎನ್‌ಎ ಸ್ನಾಯುವಿನಲ್ಲಿ ಕಂಡುಬಂದ ರೋಗಿಯೊಬ್ಬನ ವಿಷಯ 2002ರಲ್ಲಿ ಡೆನ್ಮಾರ್ಕಿನಿಂದ ವರದಿಯಾಗಿದ್ದುಂಟು, ಆದರೆ ಅದು ತೀರ ಅಪರೂಪ. ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು: ಈ ಡಿಎನ್‌ಎಯಲ್ಲಿರುವುದು 37 ಜೀನ್‌ಗಳು ಮಾತ್ರ. ಮೈಟೊಕಾಂಡ್ರಿಯಾಕ್ಕೆ ಬೇಕಾದ ಸಾವಿರಕ್ಕೂ ಮಿಕ್ಕ ಪ್ರೋಟೀನುಗಳ ಜೀನ್‌ಗಳು ಕೋಶಕೇಂದ್ರದಲ್ಲಿದ್ದು ತಂದೆತಾಯಿ ಇಬ್ಬರಿಂದಲೂ ಬರುವುದರಿಂದ, ಮೈಟೊಕಾಂಡ್ರಿಯಾದ ಎಲ್ಲ ಕಾಯಿಲೆಗಳೂ ತಾಯಿಯ ಕಡೆಯವೇ ಎಂದು ಭಾವಿಸಬಾರದು. ಲೇಬರ್ ಕಾಯಿಲೆ ಮಾತ್ರ ಸಾಮಾನ್ಯವಾಗಿ ಆ 37ರಲ್ಲಿನ ದೋಷದಿಂದಲೇ ಬರುತ್ತದೆ.

ಆದ್ದರಿಂದ ನಿಮ್ಮ ಮಾವನವರಿಂದ ಅವರ ಮಕ್ಕಳಿಗೆ ಇದು ದಾಟುವುದಿಲ್ಲ. ಆದರೆ ನಮ್ಮಲ್ಲಿ ರೂಢಿಯಿರುವಂತೆ ಅವರು ಅಕ್ಕನ ಮಗಳನ್ನೇ ಮದುವೆಯಾಗಿದ್ದರೆ ಮಾತು ಬೇರೆ: ಆಗ ಹೆಂಡತಿಯೂ ಅದೇ ತಾಯಿಸಾಲಿನವರಾದ್ದರಿಂದ ಮಕ್ಕಳಿಗೆ ದೋಷ ಅವರ ಕಡೆಯಿಂದ ಬರಬಹುದು. ನಿಮ್ಮ ತಾಯಿ, ನೀವು ಮತ್ತು ನಿಮ್ಮ ಒಡಹುಟ್ಟಿದವರು ಸಹ ಆ ಸಾಲಿಗೇ ಸೇರಿದವರು. ದೋಷವಿದ್ದವರೆಲ್ಲರ ದೃಷ್ಟಿಯೂ ಕುಂದುವುದಿಲ್ಲ. ಕುಂದುವವರಲ್ಲಿ ಗಂಡಸರೇ ಹೆಚ್ಚು, ಮತ್ತು ಧೂಮಪಾನವು ಆ ಅಪಾಯವನ್ನು ಹೆಚ್ಚಿಸುತ್ತದೆ. ಮಾವನವರ ಪರೀಕ್ಷಾ ವರದಿಯೊಂದಿಗೆ ಆನುವಂಶಿಕ ರೋಗಗಳ ತಜ್ಞರನ್ನು ಕಂಡರೆ, ನಿಮ್ಮಲ್ಲಿ ಆ ದೋಷವಿದೆಯೇ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.