ಸಂಪಾದಕರ ಉತ್ತರ: ಮೆಷಿನ್ ಶಬ್ದಕ್ಕೆ ಮರಳಿ ಬಂದ ಇಬ್ಬರು

ಕಳೆದ ಸಂಚಿಕೆಯ ಸಂಗೀತ ಪುಟದಲ್ಲಿ ಇಂಗ್ಲೆಂಡಿನ ಗಾಡ್‌ಫ್ಲೆಶ್ ತಂಡದ ‘ಎ ವರ್ಲ್ಡ್ ಲಿಟ್ ಓನ್ಲಿ ಬೈ ಫೈರ್’ ಆಲ್ಬಮ್ಮಿನ ವಿಮರ್ಶೆ ಬಂದಿತ್ತು. ಹದಿಮೂರು ವರ್ಷ ಆಲ್ಬಮ್ಮೇ ಇಲ್ಲದೆ ಇದ್ದು, 2014ರಲ್ಲಿ ಆ ತಂಡ ತಂದ ಆಲ್ಬಮ್ ಅದು. ಅದನ್ನು ಓದಿ ಸುರತ್ಕಲ್ಲಿನ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮುಖ್ಯ ಮಾತು ಇಷ್ಟು:

“ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ 31 ವರ್ಷ ದುಡಿದವನು ನಾನು. ಸಂಜೆ ಮನೆಗೆ ಬಂದು ರೇಡಿಯೋ ಹಾಕುತ್ತಿದ್ದದ್ದೇ ಆ ಶಬ್ದ ಮರೆಯಲಿಕ್ಕೆ. ನೀವು ಅದೇ ಶಬ್ದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದೀರಿ. ಮೊಮ್ಮಗನ ಮೊಬೈಲಿನಲ್ಲಿ ಎರಡು ಹಾಡು ಕೇಳಿದೆ. ಡ್ರಮ್ ಬಾರಿಸುವವನೇ ಇಲ್ಲವಂತೆ, ಮೆಷಿನ್ ಅಂತೆ. ನಮ್ಮ ಪಿಲಿವೇಷದ (ಹುಲಿವೇಷದ ಕುಣಿತ) ತಾಸೆ ವಾದ್ಯದವರ ಕೈಯಲ್ಲಿ ಜೀವ ಉಂಟು, ಇದರಲ್ಲಿ ಎಲ್ಲಿದೆ? ಇಪ್ಪತ್ತರ ಸಿಟ್ಟನ್ನು ನಲವತ್ತೈದರಲ್ಲಿ ಹಾಡಿದರೆ ಅದು ನಾಟಕ ಅಲ್ವಾ?”

ಪ್ರೀತಿಯ ಹಿರಿಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ನಮ್ಮ ಕಡೆಯ ಒಂದು ಕೊರತೆ ಒಪ್ಪಿಕೊಳ್ಳುತ್ತೇನೆ. ಗಿಟಾರ್ ಗೋಡೆಯ ಹಾಗಿದೆ, ಬೇಸ್ ಭೂಮಿ ನಡುಗಿಸುತ್ತದೆ ಎಂದೆಲ್ಲ ವಿಮರ್ಶೆಯಲ್ಲಿ ಬರೆದಿದ್ದೆವು. ಈ ಇಬ್ಬರು ಯಾಕೆ ನಿಲ್ಲಿಸಿದರು, ಯಾಕೆ ಮತ್ತೆ ಬಂದರು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಮರಳಿ ಬಂದ ತಂಡದ ಬಗ್ಗೆ ಬರೆಯುವಾಗ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಹಳೆಯದರಷ್ಟು ಚೆನ್ನಾಗಿದೆಯಾ ಎಂಬುದು ಆಮೇಲಿನ ಮಾತು. ಪುಟವನ್ನು ಅಚ್ಚಿಗೆ ಕಳಿಸಿದವನು ನಾನು, ಆದ್ದರಿಂದ ಆ ತಪ್ಪು ನನ್ನದೇ.

ಈಗ ಬಿಟ್ಟುಹೋದ ಕಥೆಯನ್ನು ಹೇಳುತ್ತೇನೆ.

ಗಾಡ್‌ಫ್ಲೆಶ್ ಅಂದರೆ ಇಬ್ಬರೇ. ಗಿಟಾರ್ ಮತ್ತು ಹಾಡು ಜಸ್ಟಿನ್ ಬ್ರಾಡ್ರಿಕ್ ಅವರದ್ದು, ಬೇಸ್ ಗಿಟಾರ್ ಬೆನ್ ಗ್ರೀನ್ ಅವರದ್ದು. ಮೂರನೆಯದು ಡ್ರಮ್ ಮೆಷಿನ್, ಅಂದರೆ ತಾನಾಗಿ ತಾಳ ಬಾರಿಸುವ ಎಲೆಕ್ಟ್ರಾನಿಕ್ ಯಂತ್ರ. ಊರು ಬರ್ಮಿಂಗ್‌ಹ್ಯಾಮ್. ತಂಡ ಹುಟ್ಟಿದ್ದು 1988ರಲ್ಲಿ. ಮರುವರ್ಷ ‘ಸ್ಟ್ರೀಟ್‌ಕ್ಲೀನರ್’ ಆಲ್ಬಮ್ ಬಂದಾಗ ಬ್ರಾಡ್ರಿಕ್‌ಗೆ ಇಪ್ಪತ್ತು ವರ್ಷ.

ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಬ್ಲ್ಯಾಕ್ ಸ್ಯಾಬತ್ ಎಂಬ ರಾಕ್ ತಂಡ ಹುಟ್ಟಿದ್ದೂ ಅಲ್ಲೇ. ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿದ್ದರು. ಕೆಲಸ ಬಿಡುವ ಕೊನೆಯ ದಿನ ಮೆಷಿನ್ನಿಗೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವರು ಎಡಗೈಯವರು, ತಂತಿ ಒತ್ತುವುದು ಬಲಗೈಯಲ್ಲಿ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು. ಕೆಲವು ವರ್ಷದ ಮೇಲೆ, ಬೆರಳಿಗೆ ನೋವು ಕಡಿಮೆಯಾಗಲಿ ಎಂದು ತಂತಿಯ ಬಿಗಿ ಸಡಿಲಿಸಿದರು. ತಂತಿ ಸಡಿಲವಾದಾಗ ಸ್ವರವೂ ಕೆಳಗಿಳಿಯಿತು, ದಪ್ಪವಾಯಿತು. ಈಗ ಜಗತ್ತಿನ ಎಷ್ಟೋ ತಂಡಗಳು ಆ ದಪ್ಪ ಸ್ವರದಲ್ಲಿ ನುಡಿಸುತ್ತವೆ. ಕಾರ್ಖಾನೆ ಸಂಗೀತದೊಳಗೆ ಹೀಗೂ ಬರುತ್ತದೆ, ಒಬ್ಬ ಹುಡುಗನ ಗಾಯದ ಮೂಲಕ.

ಇಂಥ ಮೆಷಿನ್ ಶಬ್ದದ ಸಂಗೀತಕ್ಕೆ ಇಂಡಸ್ಟ್ರಿಯಲ್ ಎಂಬ ಹೆಸರು ಬಂದದ್ದು ಲಂಡನ್ನಿನಿಂದ. 1976ರಲ್ಲಿ ಥ್ರಾಬಿಂಗ್ ಗ್ರಿಸಲ್ ತಂಡದವರು ತಮ್ಮ ರೆಕಾರ್ಡ್ ಕಂಪನಿಗೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂದೇ ಹೆಸರಿಟ್ಟರು. ನಾಲ್ಕು ವರ್ಷದ ನಂತರ ಪಶ್ಚಿಮ ಬರ್ಲಿನ್‌ನಲ್ಲಿ ಐನ್‌ಸ್ಟುರ್‌ಸೆಂಡೆ ನೊಯ್‌ಬೌಟೆನ್ ಎಂಬ ತಂಡ ತಗಡು, ಕಬ್ಬಿಣ, ಡ್ರಿಲ್ಲಿಂಗ್ ಮೆಷಿನ್ ಹಿಡಿದುಕೊಂಡು ವೇದಿಕೆ ಹತ್ತಿತು. ನೀವು 31 ವರ್ಷ ಕೈಯಲ್ಲಿ ಹಿಡಿದ ಸಾಮಾನೇ.

ಇಲ್ಲಿ ನನ್ನ ಮನೆಯ ಒಂದು ವಿಷಯ ಹೇಳಬೇಕು. ಮಂಗಳೂರಿಗೆ ಮೆಷಿನ್ ಶಬ್ದ ಬಹಳ ಬೇಗ ಬಂತು ಎಂದು ನಿಮಗೆ ಗೊತ್ತು. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ನದಿ ದಡದ ಉದ್ದಕ್ಕೂ ಚಿಮಣಿಗಳು ಎದ್ದವು. ನನ್ನ ಅಪ್ಪ ನೇತ್ರಾವತಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಪ್ರೆಸ್ಸಿನ ಹತ್ತಿರ ಕೆಲಸ ಮಾಡುತ್ತಿದ್ದರು. ರಜೆಯಲ್ಲಿ ಬುತ್ತಿ ಕೊಡಲಿಕ್ಕೆ ನಾನು ಹೋಗುತ್ತಿದ್ದೆ. ಪ್ರೆಸ್ಸು ಮಣ್ಣಿನ ಮೇಲೆ ಕೂರುವಾಗ ಒಂದು ಗುದ್ದು. ಎದ್ದಾಗ ಒಂದು ಉಸಿರು ಎಳೆದ ಹಾಗೆ. ನಡುವೆ ಒಂದು ಕ್ಷಣ, ಅಷ್ಟರಲ್ಲಿ ಅಪ್ಪನ ಕೈ ಒಳಗೆ ಹೋಗಿ ಹಂಚು ಎತ್ತಿ ಹೊರಗೆ ಬರಬೇಕು. ಆ ಒಂದು ಕ್ಷಣವನ್ನು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಕಾರ್ಖಾನೆ ಮುಚ್ಚಿತು. ಮನೆಯಲ್ಲಿ ಎಲ್ಲರಿಗೂ ದುಡ್ಡಿನ ಚಿಂತೆ. ಅಪ್ಪನಿಗೆ ಬೇರೆಯೇ ಕಷ್ಟ, ಮಧ್ಯಾಹ್ನ ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. “ಸದ್ದೇ ಇಲ್ಲ” ಅನ್ನುತ್ತಿದ್ದರು. ಊಟಕ್ಕೆ ಕೂತಾಗ ಎಡಗೈಯ ಬೆರಳು ಮಣೆಯ ಮೇಲೆ ಅದೇ ಗುದ್ದು, ಅದೇ ಬಿಡುವು ಹಾಕುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಅಪ್ಪ ಆ ಶಬ್ದವನ್ನು ಪ್ರೀತಿಸಿದವರಲ್ಲ. ಆದರೂ ಅದು ಅವರ ಮೈಯಿಂದ ಹೋಗಲಿಲ್ಲ.

‘ಸ್ಟ್ರೀಟ್‌ಕ್ಲೀನರ್’ ಮೊದಲ ಸಲ ಕೇಳಿದಾಗ ನನಗೆ ಆ ಬೆರಳು ನೆನಪಾಯಿತು. ಈ ಸಂಗೀತ ಮಾಡಿದವರು ಕಾರ್ಖಾನೆಯನ್ನು ಹೊಗಳುತ್ತಿಲ್ಲ. ಅದು ಕಿವಿಯಿಂದ ಹೋಗದವರು ಅವರು. ನೀವು ರೇಡಿಯೋ ಹಾಕಿ ಮರೆತಿರಿ, ಅವರು ಅದನ್ನು ಹೊರಗೆ ತೆಗೆದು ಎದುರಿಗೆ ಇಟ್ಟುಕೊಂಡು ನೋಡಿದರು. ಎರಡೂ ಶಬ್ದದಿಂದ ಬಚಾವಾಗುವ ದಾರಿಗಳೇ ಎಂದು ನಾನು ನಂಬಿದ್ದೇನೆ.

ಇನ್ನು ತಾಸೆಯ ಮಾತು. ನೀವು ಹೇಳಿದ್ದು ಪೂರ್ತಿ ಸರಿ. ತಾಸೆಯವರು ಹುಲಿಯ ಕಾಲು ನೋಡುತ್ತಾರೆ. ಹುಲಿ ಹೆಜ್ಜೆ ಬಿರುಸು ಮಾಡಿದರೆ ಕೋಲೂ ಬಿರುಸಾಗುತ್ತದೆ. ಹುಲಿ ದಣಿದರೆ ತಾಸೆ ಅವನನ್ನು ಎಬ್ಬಿಸುತ್ತದೆ. ಡ್ರಮ್ ಮೆಷಿನ್ ಯಾರನ್ನೂ ನೋಡುವುದಿಲ್ಲ. ಮೊದಲ ಪೆಟ್ಟು ಎಷ್ಟು ಜೋರೋ ಸಾವಿರದ ಪೆಟ್ಟೂ ಅಷ್ಟೇ ಜೋರು. ಮನುಷ್ಯ ಬಾರಿಸುವಾಗ ಹುರುಪು ಬಂದಲ್ಲಿ ಕೂದಲೆಳೆಯಷ್ಟು ಮುಂದೆ ಹೋಗುತ್ತಾನೆ, ಸುಸ್ತಾದಾಗ ಹಿಂದೆ ಬೀಳುತ್ತಾನೆ. ಮೆಷಿನ್ನಿಗೆ ಹುರುಪೂ ಇಲ್ಲ, ಸುಸ್ತೂ ಇಲ್ಲ.

ಗಾಡ್‌ಫ್ಲೆಶ್ ಇದನ್ನು ಬೇಕೆಂದೇ ಇಟ್ಟುಕೊಂಡಿದೆ. ಆ ನಿಲ್ಲದ ಪೆಟ್ಟಿನ ಎದುರು ಇಬ್ಬರು ಮನುಷ್ಯರು ನುಡಿಸುತ್ತಾರೆ. ಬೇಸ್ ಸ್ವಲ್ಪ ಎಳೆಯುತ್ತದೆ, ಗಿಟಾರ್ ಕಿರುಚಿ ತಪ್ಪಿಸಿಕೊಳ್ಳಲು ನೋಡುತ್ತದೆ, ಮೆಷಿನ್ ಬಿಡುವುದಿಲ್ಲ. ದಣಿಯುವವರು ಮನುಷ್ಯರು ಮಾತ್ರ. ಜೀವ ಎಲ್ಲಿದೆ ಎಂದು ಕೇಳಿದಿರಲ್ಲ, ಆ ದಣಿವಿನಲ್ಲಿ ಇದೆ. ಇನ್ನೊಂದು ವಿಷಯವೂ ಉಂಟು. ಬ್ರಾಡ್ರಿಕ್ ಆ ಕಾಲದ ಅಮೆರಿಕದ ಹಿಪ್‌ಹಾಪ್ ಅನ್ನು ತುಂಬ ಕೇಳಿದವರು. ಹಾಗಾಗಿ ಆ ಪೆಟ್ಟುಗಳು ಬರೀ ಸುತ್ತಿಗೆ ಏಟಲ್ಲ, ಅವುಗಳಿಗೆ ನಡೆ ಇದೆ, ತಲೆ ತಾನಾಗಿ ಆಡುತ್ತದೆ.

ಒಂದು ಸಣ್ಣ ಮಾತು: ನೀವು ಕೇಳಿದ್ದು ಮೊಬೈಲಿನ ಸ್ಪೀಕರಿನಲ್ಲಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಇವರು ಅದಕ್ಕಿಂತಲೂ ಕೆಳಗಿಳಿಸುತ್ತಾರೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ದಪ್ಪ ಸ್ವರ ಹೊರಡಿಸಲು ಆಗುವುದೇ ಇಲ್ಲ. ಹಾಗಾಗಿ ಗ್ರೀನ್ ನುಡಿಸಿದ್ದರಲ್ಲಿ ಮುಕ್ಕಾಲು ಪಾಲು ನಿಮಗೆ ಕೇಳಿಸಿಲ್ಲ. ಚೆಂಡೆ ತೆಗೆದು ಚಕ್ರತಾಳ ಮಾತ್ರ ಕೇಳಿದ ಹಾಗಾಯಿತು.

ಈಗ ನಿಮ್ಮ ಗಟ್ಟಿ ಪ್ರಶ್ನೆಗೆ ಬರುತ್ತೇನೆ, ನಲವತ್ತೈದರ ಸಿಟ್ಟಿಗೆ.

1996ರ ಆಲ್ಬಮ್ಮಿನಲ್ಲಿ ಗಾಡ್‌ಫ್ಲೆಶ್ ಮನುಷ್ಯ ಡ್ರಮ್ಮರನ್ನು ಕರೆದು ತಂದಿತು. 2001ರ ‘ಹಿಮ್ಸ್’ನಲ್ಲೂ ಹಾಗೆಯೇ ಮಾಡಿತು, ಅಲ್ಲಿ ಟೆಡ್ ಪಾರ್ಸನ್ಸ್ ಬಾರಿಸಿದರು. ನೀವು ಕೇಳಿದ ಜೀವ ಅದರಲ್ಲಿ ಇತ್ತು. ಆದರೆ ಹಾಡುಗಳು ಮಾಮೂಲಿ ರಾಕ್ ಹಾಡುಗಳ ಹತ್ತಿರ ಬಂದುಬಿಟ್ಟವು, ಮೆಷಿನ್ ಎಂಬ ಆ ಎದುರಾಳಿ ಇಲ್ಲವಾಗಿತ್ತು. ಅದಾದ ಮೇಲೆ ಗ್ರೀನ್ ತಂಡ ಬಿಟ್ಟರು. 2002ರಲ್ಲಿ ಪ್ರವಾಸಕ್ಕೆ ಹೊರಡುವ ಹೊತ್ತಿಗೆ ಬ್ರಾಡ್ರಿಕ್ ಮನಸ್ಸು ಕುಸಿಯಿತು, ತಂಡ ಮುಗಿಯಿತು. ಆಮೇಲೆ ಅವರು ಜೇಸು ಎಂಬ ಹೆಸರಿನಲ್ಲಿ ಮೆತ್ತಗಿನ, ದುಃಖದ, ಇಂಪಾದ ಹಾಡುಗಳನ್ನು ಮಾಡಿದರು. ಜನ ಮೆಚ್ಚಿದರು ಕೂಡ. ಇಬ್ಬರೂ ಮತ್ತೆ ವೇದಿಕೆಗೆ ಬಂದದ್ದು 2010ರಲ್ಲಿ. ಬಂದ ಕೂಡಲೇ ಆಲ್ಬಮ್ ಮಾಡಲಿಲ್ಲ, ನಾಲ್ಕು ವರ್ಷ ಕಾದರು. ಮಾಡಿದಾಗ ಡ್ರಮ್ಮರನ್ನು ಕರೆಯಲಿಲ್ಲ. ಮೆಷಿನ್ ತಂದರು.

ಈ ತೀರ್ಮಾನವೇ ಆ ಆಲ್ಬಮ್ಮಿನ ಜೀವಾಳ. ಹಳೆಯ ಹೆಸರನ್ನು ಮಾರುವವರಾಗಿದ್ದರೆ 2010ರಲ್ಲೇ ಗಡಿಬಿಡಿಯಲ್ಲಿ ಏನೋ ಒಂದು ಮಾಡಿ ಹೋಗಬಹುದಿತ್ತು. ಇವರು 2017ರಲ್ಲಿ ಇನ್ನೊಂದು, 2023ರಲ್ಲಿ ಮತ್ತೊಂದು ಆಲ್ಬಮ್ ತಂದರು. ಸುಮ್ನೆ ಬಂದು ಹೋದವರಲ್ಲ.

ಮರಳುವುದರಲ್ಲಿ ಬೇರೆ ಬಗೆಯೂ ಇದೆ. ಇದೇ ಬಗೆಯ ಸಂಗೀತದ ಅಮೆರಿಕದ ತಂಡ ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ 2009ರಲ್ಲಿ ಪ್ರವಾಸ ನಿಲ್ಲಿಸಿ ಸಿನಿಮಾ ಸಂಗೀತಕ್ಕೆ ಹೋದರು, 2011ರಲ್ಲಿ ಆಸ್ಕರ್ ಗೆದ್ದರು, 2013ರಲ್ಲಿ ‘ಹೆಸಿಟೇಶನ್ ಮಾರ್ಕ್ಸ್’ ಆಲ್ಬಮ್ ತಂದರು. ಅದರಲ್ಲಿ ಹಳೆಯ ಕಿರುಚಾಟ ಕಡಿಮೆ. ನಾನು ಬದಲಾಗಿದ್ದೇನೆ ಎಂದು ಅವರು ಬಂದು ಹೇಳಿದರು. ನನಗೆ ಅದೂ ಇಷ್ಟ. ಗಾಡ್‌ಫ್ಲೆಶ್ ಹೇಳಿದ್ದು ಇನ್ನೊಂದು ನಿಜ: ವಯಸ್ಸಾಯಿತು, ಆದರೆ ಆ ಗುದ್ದು ಇನ್ನೂ ನಿಂತಿಲ್ಲ. ಇಪ್ಪತ್ತರಲ್ಲಿ ಸಿಟ್ಟು ಬರುವುದು ಈ ಶಬ್ದ ಮುಗಿಯುತ್ತದೆ ಎಂಬ ನಂಬಿಕೆಯಿಂದ. ನಲವತ್ತೈದರಲ್ಲಿ ಆ ನಂಬಿಕೆ ಇರುವುದಿಲ್ಲ. 2014ರ ಹಾಡುಗಳಲ್ಲಿ ನನಗೆ ಕೇಳಿಸುವುದು ಅದು. ಆ ಆಲ್ಬಮ್ಮಿನ ಕೊನೆಯ ಹಾಡಿನ ಹೆಸರೇ ‘ಫರ್ಗಿವ್ ಅವರ್ ಫಾದರ್ಸ್’. ನಮ್ಮ ಅಪ್ಪಂದಿರನ್ನು ಕ್ಷಮಿಸು ಎಂದು. ಉದ್ದದ, ನಿಧಾನದ ಹಾಡು. ಇಪ್ಪತ್ತರ ಹುಡುಗ ಆ ಹೆಸರು ಇಡುತ್ತಿರಲಿಲ್ಲ. ನಾನು ಅದನ್ನು ಪೂರ್ತಿ ಕೇಳಿ ಮುಗಿಸಲು ಎರಡು ದಿನ ಬೇಕಾಯಿತು.

ಆಲ್ಬಮ್ಮಿನಲ್ಲಿ ಕೊರತೆ ಇಲ್ಲ ಎಂದಲ್ಲ. ಹತ್ತು ಹಾಡು, ಐವತ್ತು ನಿಮಿಷದ ಮೇಲೆ. ನಡುವಿನ ಮೂರು ನಾಲ್ಕು ಹಾಡುಗಳು ಹೆಚ್ಚುಕಡಿಮೆ ಒಂದೇ ನಡೆಯಲ್ಲಿ ಹೋಗುತ್ತವೆ. ಎರಡು ಬಿಟ್ಟಿದ್ದರೆ ಗಟ್ಟಿಯಾಗುತ್ತಿತ್ತು. ಇದನ್ನು ವಿಮರ್ಶೆಯಲ್ಲಿ ಹೇಳದೆ ನಾಲ್ಕೂವರೆ ನಕ್ಷತ್ರ ಕೊಟ್ಟದ್ದು ಜಾಸ್ತಿ ಆಯಿತು, ಆ ಮಾತು ಒಪ್ಪುತ್ತೇನೆ. ವಿಮರ್ಶೆ ಬರೆದವರಿಗೆ ನಿಮ್ಮ ಪತ್ರ ಓದಲು ಕೊಟ್ಟೆ. ಮುಂದಿನ ಸಂಚಿಕೆಯಿಂದ ಸಂಗೀತ ಪುಟದಲ್ಲಿ ನಕ್ಷತ್ರ ಹಾಕುವುದಿಲ್ಲ ಎಂದು ನಾವಿಬ್ಬರೂ ಕೂತು ಮಾತಾಡಿಕೊಂಡಿದ್ದೇವೆ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಉಂಟು: ಲೇತ್ ಮೆಷಿನ್ನಿನ ಶಬ್ದ ಕೇಳಿಯೇ ಅದರ ಕತ್ತರಿಸುವ ಬಿಟ್ ಸವೆದದ್ದು ನಿಮಗೆ ಗೊತ್ತಾಗುತ್ತಿತ್ತಂತೆ, ಕಣ್ಣಿನಿಂದ ನೋಡಬೇಕಾಗಿರಲಿಲ್ಲವಂತೆ. ಅದನ್ನು ದಯವಿಟ್ಟು ಬಿಡಿಸಿ ಬರೆಯಿರಿ. ಯಾವ ಮೆಷಿನ್ ಹೇಗೆ ಕೂಗುತ್ತಿತ್ತು, ಯಾವ ಶಬ್ದ ಬಂದರೆ ಕೈ ಹಿಂದೆ ತೆಗೆಯಬೇಕಿತ್ತು, ಎಲ್ಲ ಬೇಕು. ಎರಡು ಪುಟ ನಿಮಗಾಗಿ ಇಟ್ಟಿದ್ದೇನೆ. ಕೈಬರಹದಲ್ಲೇ ಕಳಿಸಿ, ಟೈಪ್ ನಾವು ಮಾಡಿಕೊಳ್ಳುತ್ತೇವೆ.