ಡಂಡಂ ಪ್ಲೇಟು, ಲಂಡನ್ ಪ್ಲೇಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ರಾಕ್ ಎಲ್‌ಪಿಗಳ ಬಗ್ಗೆ ಬಂದ ಪತ್ರಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿವೆ. ಹೆಚ್ಚಿನವರ ಪ್ರಶ್ನೆ ಒಂದೇ. ಆಲ್ಬಮ್ ಅದೇ, ಹಾಡು ಅದೇ, ಹಾಗಿದ್ದ ಮೇಲೆ ಒಂದು ಪ್ಲೇಟಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಯಾಕೆ ಕೇಳಿಸುತ್ತದೆ? ಈ ಸಲ ಪೂರ್ತಿ ಜಾಗ ಈ ಪತ್ರಗಳಿಗೇ.

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಎಲ್‌ಪಿಗಳು ನನಗೆ ಬಂದವು. ಅದರಲ್ಲಿ ಬೀಟಲ್ಸ್ ಅವರ 'ಅಬ್ಬಿ ರೋಡ್' ಇದೆ, ಕಲ್ಕತ್ತಾ ಹತ್ತಿರದ ಡಂಡಂ ಕಾರ್ಖಾನೆಯಲ್ಲಿ ತಯಾರಾದದ್ದು. ಗೆಳೆಯನೊಬ್ಬ 'ಇಂಡಿಯನ್ ಪ್ಲೇಟು ಬರೀ ಕರಕರ, ಮಾರಿಬಿಟ್ಟು ಇಂಗ್ಲೆಂಡಿನದು ತಗೋ' ಅನ್ನುತ್ತಿದ್ದಾನೆ. ಏನು ಮಾಡಲಿ? (ಮೈಸೂರಿನಿಂದ)

ಉತ್ತರ: ಮಾರಬೇಡಿ. ಮೊದಲು ಪ್ಲೇಟನ್ನು ಟೇಬಲ್ ಲ್ಯಾಂಪಿನ ಕೆಳಗೆ ಹಿಡಿಯಿರಿ. ಕೊನೆಯ ಹಾಡು ಮುಗಿದು ಲೇಬಲ್ ಶುರುವಾಗುವ ಮಧ್ಯೆ ನುಣುಪಾದ ಖಾಲಿ ಪಟ್ಟಿ ಇದೆ, ಅಲ್ವಾ? ಪ್ಲೇಟನ್ನು ಸ್ವಲ್ಪ ಓರೆ ಮಾಡಿದರೆ ಅಲ್ಲಿ ಸಣ್ಣ ಅಕ್ಷರಗಳು ಹೊಳೆಯುತ್ತವೆ. ಒಂದು ಕಡೆ 'ವೈಇಎಕ್ಸ್ 749', ಇನ್ನೊಂದು ಕಡೆ 'ವೈಇಎಕ್ಸ್ 750', ಅದರ ಮುಂದೆ ಅಡ್ಡಗೀಟು ಹಾಕಿ ಒಂದು ಅಂಕಿ ಇದ್ದರೆ ಖುಷಿಪಡಿ. ಅದು ಬೀಟಲ್ಸ್ ಪ್ಲೇಟುಗಳನ್ನು ತಂದ ಲಂಡನ್ನಿನ ಇಎಂಐ ಕಂಪನಿಯ ನಂಬರು.

ಈ ನಂಬರಿಗೆ ಯಾಕಿಷ್ಟು ಬೆಲೆ ಅಂತ ತಿಳಿಯಬೇಕಾದರೆ ಪ್ಲೇಟು ಹೇಗೆ ತಯಾರಾಗುತ್ತದೆ ಅಂತ ತಿಳಿಯಬೇಕು. ಸ್ಟುಡಿಯೋದ ಮಾಸ್ಟರ್ ಟೇಪು ಒಂದು ಕಡೆ ಓಡುತ್ತಿರುತ್ತದೆ, ಇನ್ನೊಂದು ಕಡೆ ಲೇತಿನಂಥ ಯಂತ್ರ ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾ ಹೋಗುತ್ತದೆ. ಇದೇ ಕಟಿಂಗ್. ಬೇಸ್ ಎಷ್ಟು ಬಿಡಬೇಕು, ಎಷ್ಟು ಜೋರಾಗಿ ಕೊರೆಯಬೇಕು ಅನ್ನುವುದೆಲ್ಲ ಆ ಎಂಜಿನಿಯರ್ ಕೈಯಲ್ಲಿ. ಆ ಲ್ಯಾಕರಿನಿಂದ ಲೋಹದ ಫಾದರ್, ಅದರಿಂದ ಮದರ್, ಮದರ್‌ನಿಂದ ಸ್ಟ್ಯಾಂಪರ್ ತೆಗೆಯುತ್ತಾರೆ. ಎರಡು ಸ್ಟ್ಯಾಂಪರ್ ನಡುವೆ ಬಿಸಿ ವಿನೈಲ್ ಇಟ್ಟು ಒತ್ತಿದರೆ ಪ್ಲೇಟು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮರದ ಅಚ್ಚು ಹೊಸದಿದ್ದಾಗ ಗಿಳಿಯ ಕೊಕ್ಕು, ರೆಕ್ಕೆಯ ಗೆರೆ ಎಲ್ಲ ಎದ್ದು ಕಾಣುತ್ತದೆ. ಅಚ್ಚು ಸವೆದ ಮೇಲೂ ಗಿಳಿ ಗಿಳಿಯೇ, ಆದರೆ ಕೊಕ್ಕು ಮೊಂಡು. ಸ್ಟ್ಯಾಂಪರ್ ಕಥೆಯೂ ಅಷ್ಟೇ.

ಡಂಡಂ ಕಾರ್ಖಾನೆಯಲ್ಲಿ ಒತ್ತಿದ ಎಷ್ಟೋ ಬೀಟಲ್ಸ್ ಪ್ಲೇಟುಗಳಿಗೆ ಲೋಹದ ಅಚ್ಚು ಇಂಗ್ಲೆಂಡಿನಿಂದಲೇ ಬರುತ್ತಿತ್ತು. ಅಂದರೆ ಕಟಿಂಗ್ ಅಬ್ಬಿ ರೋಡ್ ಸ್ಟುಡಿಯೋದ್ದು, ಒತ್ತಿದ್ದು ಮಾತ್ರ ಇಲ್ಲಿ. ಇದಕ್ಕೆ ಹೋಲಿಸಿದರೆ ಅಮೆರಿಕದ ಕ್ಯಾಪಿಟಲ್ ಕಂಪನಿ 60ರ ದಶಕದಲ್ಲಿ ಬೀಟಲ್ಸ್ ಹಾಡುಗಳ ಕ್ರಮ ಬದಲಿಸಿ, ಕೆಲವಕ್ಕೆ ತಾನೇ ಎಕೋ ಸೇರಿಸಿ ಮಾರಿತ್ತು. ಆ ಕಾಲದ ಎಷ್ಟೋ ಅಮೆರಿಕನ್ ಪ್ಲೇಟುಗಳಿಗಿಂತ ನಮ್ಮ ಡಂಡಂ ಪ್ಲೇಟು ಮೂಲಕ್ಕೆ ಹತ್ತಿರ. ಇದು ನಮ್ಮ ಊರಿನ ಅಭಿಮಾನದ ಮಾತಲ್ಲ, ಆ ಖಾಲಿ ಪಟ್ಟಿಯಲ್ಲಿ ಕೊರೆದಿರುವ ಮಾತು.

ನಿಮ್ಮ ಗೆಳೆಯ ಹೇಳಿದ ಕರಕರ ಸುಳ್ಳಲ್ಲ. ಆದರೆ ಅದರಲ್ಲಿ ಬಹುಪಾಲು ಐವತ್ತು ವರ್ಷದ ಧೂಳು, ಆಮೇಲೆ ಹಿಂದಿನ ಯಜಮಾನರ ಮನೆಯ ಭಾರದ ಸೂಜಿ. ನನ್ನ ಹತ್ತಿರವೂ 'ಅಬ್ಬಿ ರೋಡ್' ಡಂಡಂ ಪ್ಲೇಟು ಒಂದಿದೆ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕಿದ್ದು. ತಂದ ದಿನ ಹಾಕಿದರೆ ಒಗ್ಗರಣೆ ಸಿಡಿದ ಹಾಗೆ ಸದ್ದು. ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಸೋಪ್ ದ್ರಾವಣ ಹಾಕಿ, ಮೆತ್ತನೆ ಬ್ರಷ್ಷಿನಲ್ಲಿ ಗೆರೆಯ ಉದ್ದಕ್ಕೇ ಉಜ್ಜಿ, ಮತ್ತೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ರಾತ್ರಿಯೆಲ್ಲ ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಣಗಿಸಿದೆ. ಬೆಳಿಗ್ಗೆ ಹಾಕಿದಾಗ ಮೊದಲ ಹಾಡಿನ ಬೇಸ್ ಗಿಟಾರು ಗುಂಡಗೆ, ತೂಕವಾಗಿ ಬಂತು. 'ಹಿಯರ್ ಕಮ್ಸ್ ದ ಸನ್' ಗಿಟಾರಿನಲ್ಲಿ ಬೆರಳು ತಂತಿಗೆ ತಾಗುವುದು ಕೇಳಿಸಿತು. ಹಾಡುಗಳ ನಡುವಿನ ಮೌನದಲ್ಲಿ ನನ್ನ ಇಂಗ್ಲೆಂಡ್ ಪ್ಲೇಟು ಜಾಸ್ತಿ ಶಾಂತ, ಅದು ನಿಜ. ಹಾಡು ನಡೆಯುವಾಗ ಎರಡೂ ಒಂದೇ ಕುಟುಂಬದವು.

ಇಂಗ್ಲೆಂಡ್ ಪ್ಲೇಟು ಕೈಗೆ ಸಿಕ್ಕಾಗ ಇನ್ನೊಂದು ಮಜಾ ನೋಡಿ. ಮುಖ್ಯ ನಂಬರು ಗಡಿಯಾರದ 6ರ ಜಾಗದಲ್ಲಿದೆ ಅಂದುಕೊಂಡರೆ, 9ರ ಜಾಗದಲ್ಲಿ ಮದರ್ ನಂಬರು, 3ರ ಜಾಗದಲ್ಲಿ ಒಂದೆರಡು ಅಕ್ಷರ ಇರುತ್ತವೆ. ಆ ಅಕ್ಷರಗಳೇ ಸ್ಟ್ಯಾಂಪರ್ ನಂಬರು. ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ. ಗ್ರಾಮಫೋನ್ ಲಿಮಿಟೆಡ್ ಅನ್ನುವುದನ್ನೇ ಮೊಟಕು ಮಾಡಿ ಇಎಂಐನವರು 1ರಿಂದ 9 ಮತ್ತು 0 ಅಂತ ಲೆಕ್ಕ ಇಟ್ಟಿದ್ದರು. 'ಜಿ' ಇದ್ದರೆ ಮೊದಲನೇ ಸ್ಟ್ಯಾಂಪರ್, 'ಆರ್‌ಎ' ಇದ್ದರೆ 23ನೆಯದು.

ಪ್ರಶ್ನೆ: ಲೆಡ್ ಜೆಪ್ಪೆಲಿನ್ ಎರಡನೇ ಆಲ್ಬಮ್ಮಿನ 'ಆರ್‌ಎಲ್' ಪ್ಲೇಟಿಗೆ ಜನ ಹುಚ್ಚು ಬೆಲೆ ಹೇಳುತ್ತಾರೆ. ಅಷ್ಟು ವ್ಯತ್ಯಾಸ ಇದೆಯಾ ಅಥವಾ ಸುಮ್ನೆ ಹೆಸರಾ? (ಹುಬ್ಬಳ್ಳಿಯಿಂದ)

ಉತ್ತರ: ವ್ಯತ್ಯಾಸ ಇದೆ, ಮತ್ತು ಅದು ಕಿವಿಗೆ ತಕ್ಷಣ ಹತ್ತುವಂಥದ್ದು. 1969ರಲ್ಲಿ ಈ ಆಲ್ಬಮ್ಮನ್ನು ನ್ಯೂಯಾರ್ಕಿನ ಸ್ಟರ್ಲಿಂಗ್ ಸೌಂಡ್‌ನಲ್ಲಿ ಕಟ್ ಮಾಡಿದವರು ಬಾಬ್ (ರಾಬರ್ಟ್) ಲಡ್ವಿಗ್. ಅವರು ಖಾಲಿ ಪಟ್ಟಿಯಲ್ಲಿ ಗೀಚಿದ ತಮ್ಮ ಹೆಸರಿನ ಮೊದಲಕ್ಷರಗಳೇ 'ಆರ್‌ಎಲ್'. ಆಗ ಅವರಿನ್ನೂ ಹುಡುಗ. ಟೇಪಿನಲ್ಲಿ ಇದ್ದ ಬೇಸ್, ಇದ್ದ ಅಬ್ಬರ ಅಷ್ಟನ್ನೂ ಪ್ಲೇಟಿಗೆ ಇಳಿಸಿಬಿಟ್ಟರು. ಬೇಸ್ ಜಾಸ್ತಿ ಆದಷ್ಟೂ ಗೆರೆ ಅಗಲಕ್ಕೆ ಓಲಾಡುತ್ತದೆ. ಒಳ್ಳೆಯ ಸೂಜಿ ಆ ತಿರುವುಗಳಲ್ಲಿ ಹಿಡಿದು ನಡೆಯುತ್ತದೆ, ಅಗ್ಗದ ಪ್ಲೇಯರಿನ ಸೂಜಿ ಎಗರಿ ಪಕ್ಕದ ಗೆರೆಗೆ ಬೀಳುತ್ತದೆ. ಕಂಪನಿಯ ದೊಡ್ಡವರೊಬ್ಬರ ಮನೆಯ ಪ್ಲೇಯರಿನಲ್ಲಿ ಹೀಗೇ ಆಯಿತು, ಅದಕ್ಕೇ ಆ ಕಟ್ ಬಿಟ್ಟು ಬೇಸ್ ಇಳಿಸಿ ಮತ್ತೆ ಕಟ್ ಮಾಡಿಸಿದರು ಅನ್ನುವುದು ಲಡ್ವಿಗ್ ಅವರೇ ಹೇಳಿಕೊಂಡು ಬಂದ ಕಥೆ.

'ಹೋಲ್ ಲೊಟ್ಟಾ ಲವ್' ಶುರುವಿನ ಗಿಟಾರಿಗೆ ಡ್ರಮ್ ಬಂದು ಸೇರುವ ಜಾಗ ಇದೆಯಲ್ಲ, ಅಲ್ಲೇ ಗೊತ್ತಾಗುತ್ತದೆ. ಆರ್‌ಎಲ್ ಪ್ಲೇಟಿನಲ್ಲಿ ಬಾನಮ್ ಅವರ ಡ್ರಮ್ ನಮ್ಮ ರೂಮಿನೊಳಗೇ ಬಂದು ಕೂತ ಹಾಗೆ. ಆಮೇಲಿನ ಕಟ್‌ನಲ್ಲಿ ಅದೇ ಡ್ರಮ್ ಪಕ್ಕದ ಮನೆಯಿಂದ ಕೇಳಿಸಿದ ಹಾಗೆ. ಗೆಳೆಯರ ಮನೆಯಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಕೇಳಿದ್ದೇನೆ, ಆ ಸಂಜೆ ನಾವು ಬೇರೆ ಏನನ್ನೂ ಹಾಕಲಿಲ್ಲ.

ಆದರೂ ಈಗಿನ ಬೆಲೆಗೆ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಈ ಪ್ಲೇಟನ್ನು ಕೊಂಡವರು ಜೋರಾಗಿ, ಪದೇ ಪದೇ, ಸಿಕ್ಕಿದ ಪ್ಲೇಯರಿನಲ್ಲಿ ಹಾಕಿದ್ದಾರೆ. ಸವೆದ ಆರ್‌ಎಲ್‌ಗಿಂತ ಚೆನ್ನಾಗಿರುವ ಸಾಧಾರಣ ಪ್ಲೇಟೇ ವಾಸಿ. ತಗೊಳ್ಳಲೇಬೇಕು ಅಂತಿದ್ದರೆ ಎರಡೂ ಕಡೆಯ ಖಾಲಿ ಪಟ್ಟಿಯ ಫೋಟೋ ಕೇಳಿ, 'ಆರ್‌ಎಲ್' ಎರಡೂ ಕಡೆ ಇರಬೇಕು. ಒಂದೇ ಕಡೆಯ ಫೋಟೋ ಕಳಿಸಿ ಮಾತು ಮುಗಿಸುವವರ ಹತ್ತಿರ ವ್ಯಾಪಾರ ಬೇಡ. ಹೊಸದರಲ್ಲಿ 2014ರಲ್ಲಿ ಬ್ಯಾಂಡಿನ ಗಿಟಾರಿಸ್ಟ್ ಜಿಮ್ಮಿ ಪೇಜ್ ನಿಂತು ಮಾಡಿಸಿದ್ದು ಚೆನ್ನಾಗಿದೆ, ಅಷ್ಟು ಸಾಕು.

ಪ್ರಶ್ನೆ: ಪಿಂಕ್ ಫ್ಲಾಯ್ಡ್ 'ಡಾರ್ಕ್ ಸೈಡ್ ಆಫ್ ದ ಮೂನ್' ಒಂದೇ ಒಂದು ತಗೋಬೇಕು. ಜಪಾನ್ ಪ್ಲೇಟು ಬೆಸ್ಟ್ ಅಂತ ಒಬ್ಬರು, 180 ಗ್ರಾಂ ಬೆಸ್ಟ್ ಅಂತ ಇನ್ನೊಬ್ಬರು. ಯಾವುದು? (ದಾವಣಗೆರೆಯಿಂದ)

ಉತ್ತರ: ಮೊದಲು 180 ಗ್ರಾಂ ಮಾತು ಮುಗಿಸೋಣ. ಅದು ಬರೀ ತೂಕ. ದಪ್ಪ ಪ್ಲೇಟು ಕೈಗೆ ಚೆನ್ನಾಗಿರುತ್ತದೆ, ಸುಲಭಕ್ಕೆ ಸೊಟ್ಟ ಆಗುವುದಿಲ್ಲ. ಗೆರೆಯಲ್ಲಿ ಏನು ಕೊರೆದಿದೆ ಅನ್ನುವುದಕ್ಕೂ ತೂಕಕ್ಕೂ ಸಂಬಂಧವೇ ಇಲ್ಲ.

ಜಪಾನಿನ ವಿನೈಲ್ ತುಂಬ ಶುದ್ಧ. ಈ ಆಲ್ಬಮ್ ಶುರುವಾಗುವುದೇ ಎದೆಬಡಿತದಿಂದ, ಅದೂ ಮೌನದೊಳಗಿಂದ ಮೆಲ್ಲಗೆ ಏಳುತ್ತದೆ. ಅಲ್ಲಿ ಒಂದು ಚಟ್ ಅಂದರೂ ಮನಸ್ಸು ಕೆಡುತ್ತದೆ, ಹಾಗಾಗಿ ಜಪಾನ್ ಪ್ಲೇಟಿಗೆ ಹೆಸರು ಬಂದಿದ್ದು ಸಹಜ. ಆದರೆ ಹೊರದೇಶಗಳಿಗೆ ಸಾಮಾನ್ಯವಾಗಿ ಹೋಗುತ್ತಿದ್ದದ್ದು ಮಾಸ್ಟರ್ ಟೇಪಿನ ನಕಲು. ನಕಲು ಮಾಡಿದಷ್ಟೂ ಟೇಪಿನ ಬಿಸಿ ಸ್ವಲ್ಪ ಆರುತ್ತದೆ. ನನ್ನ ಕಿವಿಗೆ ಜಪಾನ್ ಪ್ಲೇಟಿನಲ್ಲಿ ಟ್ರೆಬಲ್ ಮುಂದೆ, ಬೇಸ್ ಹಿಂದೆ.

1973ರ ಮಾರ್ಚಿನಲ್ಲಿ ಬಂದ ಮೊದಲ ಇಂಗ್ಲೆಂಡ್ ಪ್ಲೇಟಿನ ಲೇಬಲ್ ಮೇಲೆ ತುಂಬಿದ ನೀಲಿ ತ್ರಿಕೋನ ಇರುತ್ತದೆ. ಅದರ ಬೆಲೆ ನಮ್ಮಂಥವರಿಗೆ ಎಟುಕುವುದಿಲ್ಲ. ಅದೇ 70ರ ದಶಕದ ಆಮೇಲಿನ ಇಂಗ್ಲೆಂಡ್ ಪ್ಲೇಟು, ತ್ರಿಕೋನದ ಗೆರೆ ಮಾತ್ರ ಇರುವಂಥದ್ದು, ಕಡಿಮೆಗೆ ಸಿಗುತ್ತದೆ. ನನ್ನ ಓಟು ಅದಕ್ಕೆ. ಸ್ವಚ್ಛವಾಗಿರುವುದು ಸಿಗದಿದ್ದರೆ 2003ರಲ್ಲಿ ಸೌಂಡ್ ಎಂಜಿನಿಯರ್ ಜೇಮ್ಸ್ ಗತ್ರಿ ಮೇಲ್ವಿಚಾರಣೆಯಲ್ಲಿ ಬಂದದ್ದು ತಗೊಳ್ಳಿ.

ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯವರ 1979ರ ಪ್ಲೇಟಿನ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಟೇಪು, ಯಂತ್ರ ಎರಡನ್ನೂ ಅರ್ಧ ವೇಗದಲ್ಲಿ ಓಡಿಸಿ ಕೊರೆದದ್ದು ಅದು. ಹೀಗೆ ಮಾಡಿದರೆ ಟ್ರೆಬಲ್‌ನ ನವಿರು ಗೆರೆಗಳನ್ನು ಕೊರೆಯಲು ಸೂಜಿಗೆ ಸಮಯ ಸಿಗುತ್ತದೆ. 'ಟೈಮ್' ಹಾಡಿನ ಗಡಿಯಾರಗಳು ಅದರಲ್ಲಿ ಒಂದೊಂದೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಬೇಸ್ ಪ್ರೀತಿಸುವವರಿಗೆ ಮಾತ್ರ ಕೊರತೆ ಅನ್ನಿಸಬಹುದು. ಇದೇ ಕಂಪನಿ ಇತ್ತೀಚಿನ ವರ್ಷಗಳಲ್ಲಿ ಕಟಿಂಗ್‌ಗೆ ಮುಂಚೆ ಡಿಜಿಟಲ್ ಹಂತ ಬಳಸುತ್ತಿದೆ ಅನ್ನುವುದು 2022ರಲ್ಲಿ ಹೊರಗೆ ಬಂದು ದೊಡ್ಡ ಗಲಾಟೆ ಆಯಿತು, ಕೋರ್ಟಿಗೂ ಹೋಯಿತು. ಆ ಪ್ಲೇಟುಗಳು ಕೆಟ್ಟದಾಗಿ ಕೇಳಿಸುತ್ತಿರಲಿಲ್ಲ. ಆದರೆ ಪೂರ್ತಿ ಅನಲಾಗ್ ಅಂತ ನಂಬಿ ದುಡ್ಡು ಕೊಟ್ಟವರಿಗೆ ನೋವಾಗಿದ್ದು ಸರಿಯಾಗಿಯೇ ಇತ್ತು.

ಯಾವುದೇ ಪ್ಲೇಟು ತಗೊಳ್ಳುವ ಮುಂಚೆ ಅಂಗಡಿಯಲ್ಲಿ ಕೇಳಲು ಬಿಟ್ಟರೆ, ಎದೆಬಡಿತ ಕೇಳಿ ಸುಮ್ಮನಾಗಬೇಡಿ, ಮೊದಲ ಬದಿಯ ಕೊನೆಗೆ ಹೋಗಿ. 'ದ ಗ್ರೇಟ್ ಗಿಗ್ ಇನ್ ದ ಸ್ಕೈ', ಕ್ಲೇರ್ ಟೋರಿ ಮಾತೇ ಇಲ್ಲದೆ ಹಾಡುವ ಹಾಡು. ಪ್ಲೇಟು ತಿರುಗುವ ವೇಗ ಒಂದೇ ಆದರೂ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ಲೇಬಲ್ ಹತ್ತಿರ ಬರೀ 21. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ದೊಡ್ಡ ಗಂಟಲು. ಸವೆದ ಪ್ಲೇಟಾದರೆ ಅವರ ದನಿ ಏರಿದ ಕಡೆ ಹರಿದ ಬಟ್ಟೆಯಂತೆ ಪರಪರ ಅನ್ನುತ್ತದೆ. ಅಲ್ಲಿ ದನಿ ಒಡೆಯದೆ ಬಂದರೆ ಕಣ್ಣುಮುಚ್ಚಿ ತಗೊಳ್ಳಿ.

ಪ್ರಶ್ನೆ: ಇಲ್ಲಿ ಹಳೇ ಸಾಮಾನು ಮಾರುವ ಕಡೆ ಸ್ಪ್ರಿಂಗ್‌ಸ್ಟೀನ್ ಅವರ 'ಬಾರ್ನ್ ಟು ರನ್' ಎರಡು ಸಿಕ್ಕಿತು. ಎರಡೂ ಅಮೆರಿಕದ್ದೇ, ಎರಡೂ ಹಳೆಯದೇ, ಆದರೆ ಸೌಂಡ್ ಬೇರೆ. ಹೇಗೆ? (ನ್ಯೂಜೆರ್ಸಿಯಿಂದ ಒಬ್ಬ ಕನ್ನಡಿಗರು)

ಉತ್ತರ: ಈ ಆಲ್ಬಮ್ ತಂದ ಕೊಲಂಬಿಯಾ ಕಂಪನಿಗೆ ಆಗ ಒಂದೇ ಕಾರ್ಖಾನೆ ಇರಲಿಲ್ಲ. ನಿಮ್ಮ ನ್ಯೂಜೆರ್ಸಿಯ ಪಿಟ್‌ಮನ್‌ನಲ್ಲಿ ಒಂದು, ಇಂಡಿಯಾನಾದ ಟೆರಿ ಹೋಟ್‌ನಲ್ಲಿ ಒಂದು, ಕ್ಯಾಲಿಫೋರ್ನಿಯಾದ ಸ್ಯಾಂಟಾ ಮರಿಯಾದಲ್ಲಿ ಒಂದು. ಎಲ್ಲಕ್ಕೂ ಒಟ್ಟಿಗೆ ಪ್ಲೇಟು ಒತ್ತಬೇಕು ಅಂದರೆ ಒಂದು ಲ್ಯಾಕರ್ ಸಾಲದು. ಅದಕ್ಕೇ ಬೇರೆ ಬೇರೆ ಲ್ಯಾಕರ್ ಕಟ್ ಮಾಡಿ 1ಎ, 1ಬಿ, 1ಸಿ ಅಂತ ಗುರುತು ಹಾಕುತ್ತಿದ್ದರು. ಕಟ್ ಬೇರೆಯಾದರೆ ಸೌಂಡೂ ಬೇರೆಯಾಗಬಹುದು. ನಿಮ್ಮ ಎರಡೂ ಪ್ಲೇಟಿನ ಖಾಲಿ ಪಟ್ಟಿ ನೋಡಿ. ಕೈಯಲ್ಲಿ ಗೀಚಿದ 'ಪಿ' ಇದ್ದರೆ ಅದು ನಿಮ್ಮ ಪಿಟ್‌ಮನ್‌ನದ್ದೇ.

ಪ್ರಶ್ನೆ: ಮನೆಯಲ್ಲಿ ಎರಡು ಪ್ಲೇಟು ಹೋಲಿಸುವುದು ಹೇಗೆ? ಹಾಕಿದಾಗಲೆಲ್ಲ ನನಗೆ ಬೆಲೆ ಜಾಸ್ತಿ ಕೊಟ್ಟದ್ದೇ ಚೆನ್ನಾಗಿ ಕೇಳಿಸುತ್ತದೆ. (ಬೆಂಗಳೂರಿನಿಂದ)

ಉತ್ತರ: ಎಲ್ಲರಿಗೂ ಹಾಗೇ ಆಗುತ್ತದೆ. ಅದಕ್ಕೇ ಪ್ಲೇಟು ಬದಲಿಸುವ ಕೆಲಸ ಮನೆಯವರಿಗೆ ಒಪ್ಪಿಸಿ, ನೀವು ಬೆನ್ನು ಹಾಕಿ ಕೂತುಕೊಳ್ಳಿ. ಅದಕ್ಕಿಂತ ಮುಖ್ಯ ವಾಲ್ಯೂಮ್. ಒಂದು ಪ್ಲೇಟನ್ನು ಸ್ವಲ್ಪ ಜೋರಾಗಿ ಕಟ್ ಮಾಡಿದ್ದರೆ ಕಿವಿ ಅದನ್ನೇ 'ಚೆನ್ನಾಗಿದೆ' ಅಂತ ಆರಿಸುತ್ತದೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು, ಫೋನನ್ನು ಕುರ್ಚಿಯ ಮೇಲೆ ಒಂದೇ ಜಾಗದಲ್ಲಿಟ್ಟು, ಒಂದೇ ಹಾಡಿನ ಒಂದೇ ತುಣುಕಿಗೆ ಎರಡನ್ನೂ ಸಮ ಮಾಡಿಕೊಳ್ಳಿ. ಎಷ್ಟೋ ಸಲ ಅಲ್ಲಿಗೇ ಅರ್ಧ ವ್ಯತ್ಯಾಸ ಮಾಯ ಆಗುತ್ತದೆ. ಒಂದು ನಿಮಿಷದ ತುಣುಕು ಸಾಕು, ಪೂರ್ತಿ ಬದಿ ಕೇಳಿದರೆ ಮೊದಲನೆಯದು ಮರೆತುಹೋಗಿರುತ್ತದೆ. ಪ್ರತಿ ಸಲ ಸೂಜಿ ಒರೆಸಿ. ಇನ್ನೊಂದು, ರೀಮಾಸ್ಟರ್, ರೀಮಿಕ್ಸ್ ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ರೀಮಾಸ್ಟರ್ ಅಂದರೆ ಇದ್ದ ಮಿಕ್ಸನ್ನೇ ಮತ್ತೆ ಹದ ಮಾಡುವುದು. 2019ರಲ್ಲಿ ಬಂದ 'ಅಬ್ಬಿ ರೋಡ್' ಜೈಲ್ಸ್ ಮಾರ್ಟಿನ್ ಮಾಡಿದ ರೀಮಿಕ್ಸ್, ಅಂದರೆ ವಾದ್ಯ, ದನಿಗಳನ್ನೆಲ್ಲ ಹೊಸದಾಗಿ ಜೋಡಿಸಿದ್ದು. ಅದನ್ನು 1969ರ ಪ್ಲೇಟಿನ ಪಕ್ಕ ಇಟ್ಟು ಪ್ರೆಸ್ಸಿಂಗ್ ಹೋಲಿಸಲು ಬರುವುದಿಲ್ಲ.

ಪ್ರಶ್ನೆ: ನನ್ನ 'ಅಬ್ಬಿ ರೋಡ್' ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಕವರಿನಲ್ಲಿ ಇಲ್ಲದ ಒಂದು ಪುಟ್ಟ ಹಾಡು ಬರುತ್ತದೆ. ಪ್ಲೇಟಿನ ದೋಷವಾ? (ಶಿವಮೊಗ್ಗದಿಂದ)

ಉತ್ತರ: ದೋಷ ಅಲ್ಲ, ಅದೃಷ್ಟ. ಅದು 'ಹರ್ ಮೆಜೆಸ್ಟಿ', 23 ಸೆಕೆಂಡಿನ ಹಾಡು. ಎರಡನೇ ಬದಿಯ ಹಾಡಿನ ಸರಮಾಲೆಯಲ್ಲಿ 'ಮೀನ್ ಮಿಸ್ಟರ್ ಮಸ್ಟರ್ಡ್' ಆದಮೇಲೆ ಬರಬೇಕಿತ್ತು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಬೇಡ ಅಂದರು. ಟೇಪು ಯಾವುದನ್ನೂ ಎಸೆಯಬಾರದು ಅನ್ನುವುದು ಸ್ಟುಡಿಯೋದ ಕಟ್ಟಳೆ, ಹಾಗಾಗಿ ಜಾನ್ ಕರ್ಲ್ಯಾಂಡರ್ ಅನ್ನುವ ಕಿರಿಯ ಎಂಜಿನಿಯರ್ ಆ ತುಂಡನ್ನು ಟೇಪಿನ ಕೊನೆಗೆ ಅಂಟಿಸಿದರು. ಆಮೇಲೆ ಕೇಳಿದಾಗ ಮೆಕಾರ್ಟ್ನಿಗೆ ಅದೇ ಹಿಡಿಸಿತು. ಶುರುವಿನಲ್ಲಿ ಧಡ್ ಅಂತ ಬರುವ ಸದ್ದು 'ಮೀನ್ ಮಿಸ್ಟರ್ ಮಸ್ಟರ್ಡ್' ಹಾಡಿನ ಕೊನೆಯ ಚೂರು, 'ಹರ್ ಮೆಜೆಸ್ಟಿ'ಯ ಕೊನೆಯ ಸ್ವರ ಮಾತ್ರ ಇಲ್ಲಿಗೆ ಬರಲೇ ಇಲ್ಲ. ಇಂಗ್ಲೆಂಡಿನ ಮೊದಮೊದಲ ಪ್ಲೇಟುಗಳ ಲೇಬಲ್ ಮೇಲೂ ಈ ಹಾಡಿನ ಹೆಸರಿರಲಿಲ್ಲ. ನಿಮ್ಮ ಲೇಬಲ್ಲನ್ನೂ ಒಮ್ಮೆ ನೋಡಿ, ಮತ್ತೆ ಪ್ಲೇಟು ಹಾಕಿದಾಗ ಮೌನ ಬಂತು ಅಂತ ಸೂಜಿ ಎತ್ತಿಬಿಡಬೇಡಿ.